ಗಿಡ್ಡಮ್ಮ ಬೇಡಿಕೊಂಡ ಸೇಡು

ಗಿಡ್ಡಮ್ಮ ಹೊಳಗುಂದದ ನಮ್ಮ ಪ್ರಾರ್ಥನಾ ಮನೆಗೆ ಮೊದಲು ಬಂದದ್ದು ದೇವರನ್ನು ಹುಡುಕಿಕೊಂಡಲ್ಲ; ಭಾವ ಸಿದ್ದಬಸಪ್ಪನ ಮನೆ ಹಾಳಾಗಲಿ ಎಂದು ಬೇಡಿಕೊಳ್ಳಲು. ಗಂಡ ತೀರಿಕೊಂಡ ಮೇಲೆ ಆಕೆ ಹೊಲದಲ್ಲಿ ಪಾಲು ಕೇಳಿದ್ದಳು. ಆ ಸಿಟ್ಟಿಗೆ ಅವನು, ಆಕೆಯ ಮಗಳು ಮೌನಿಕಾಳ ಬಗ್ಗೆ ಗಂಡಿನ ಕಡೆಯವರು ವಿಚಾರಿಸಲು ಬಂದಾಗ, ಹುಡುಗಿಗೆ ಫಿಟ್ಸ್ ಬರುತ್ತದೆ ಎಂದು ಸುಳ್ಳು ಹೇಳಿ ಕಳಿಸಿದ. ಸುಳ್ಳು ಸುತ್ತಲ ಊರಿಗೆಲ್ಲ ಹಬ್ಬಿತು. ಮತ್ತೆ ಯಾರೂ ಹೆಣ್ಣು ಕೇಳಿಕೊಂಡು ಬರಲಿಲ್ಲ.

ಗಿಡ್ಡಮ್ಮ ಅವನ ಬಾಗಿಲಿಗೆ ಮಣ್ಣು ತೂರಿ ಶಪಿಸಿದಳು. ಊರಮ್ಮನಿಗೆ ಹರಕೆ ಹೊತ್ತಳು. ಅವನ ಹತ್ತಿ ಇನ್ನಷ್ಟು ಚೆನ್ನಾಗಿ ಬೆಳೆಯಿತು. ಆಗ ಜೊತೆಗೆ ಹತ್ತಿ ಬಿಡಿಸುವ ಹೆಂಗಸರು, ಯೇಸುಸ್ವಾಮಿ ಬೇಡಿದ್ದು ಕೊಡುತ್ತಾನೆ ಎಂದರು. ಭಾನುವಾರ ಒಬ್ಬೊಬ್ಬರೇ ಕಷ್ಟ ಹೇಳಿಕೊಂಡು ಪ್ರಾರ್ಥನೆ ಕೇಳುವಾಗ ಆಕೆಯೂ ಎದ್ದು ನಿಂತಳು.

“ಸಿದ್ದಬಸಪ್ಪನ ನಾಲಿಗಿ ಬಿದ್ದು ಹೋಗ್ಲಿ. ಎಲ್ಲಾರೂ ಸೇರಿ ಗಟ್ಟಿಯಾಗಿ ಬೇಡ್ಕೊಳ್ರಿ.”

ಯಾರೂ ಆಮೆನ್ ಅನ್ನಲಿಲ್ಲ.

ಸಿಟ್ಟಾದರೂ ಬರುವುದು ಬಿಡಲಿಲ್ಲ. ತನ್ನನ್ನು ಶಿಲುಬೆಗೆ ಹೊಡೆದವರಿಗಾಗಿಯೇ ಯೇಸು, ಇವರನ್ನು ಕ್ಷಮಿಸು ಎಂದು ಬೇಡಿಕೊಂಡ ಕಥೆ ಕೇಳಿ ಮುಖ ಸಿಂಡರಿಸಿದಳು. “ಕೈಲಾಗದ ದೇವ್ರು ಅದಾನ ಬಿಡಕ್ಕಾ,” ಎಂದು ನನಗೆ ಹೇಳಿದಳು. ಆದರೆ ಕಳೆ ತೆಗೆಯುವಾಗ, ರೊಟ್ಟಿ ಬಡಿಯುವಾಗ ಅದೇ ಕಥೆ ಬೆನ್ನು ಹತ್ತುತ್ತಿತ್ತಂತೆ. ಮೊಳೆ ಹೊಡೆದವರು ಆಮೇಲೆ ಏನಾದರು, ಹುಳ ಬಿದ್ದು ಸತ್ತರೇ ಎಂದು ವಾರವಾರವೂ ಕೇಳುವಳು. ಬೈಬಲಿನಲ್ಲಿ ಅದನ್ನು ಬರೆದಿಲ್ಲ ಎಂದರೆ ನಂಬುತ್ತಿರಲಿಲ್ಲ. ಬರಬರುತ್ತಾ ಆ ಪ್ರಶ್ನೆ ಬಿಟ್ಟು, ಅಂಥ ನೋವಿನಲ್ಲಿ ಅವನಿಗೆ ಆ ಮಾತು ಹೇಗೆ ಬಂತು ಎಂದು ಕೇಳತೊಡಗಿದಳು.

ಈ ಬೇಸಿಗೆಯಲ್ಲಿ ಸಿದ್ದಬಸಪ್ಪನ ಮಗಳು ಹರ್ಷಿತಾಳನ್ನು ನೋಡಲು ಆಸ್ಪರಿಯಿಂದ ಗಂಡಿನ ಕಡೆಯವರು ಬಂದರು. ಹೊರಡುವ ಮುಂಚೆ ಅವರ ಹೆಂಗಸರು ಗಿಡ್ಡಮ್ಮನ ಕಟ್ಟೆಯ ಮೇಲೆ ಕೂತು, ಹುಡುಗಿ ಹೇಗೆ ಎಂದು ಮೆಲ್ಲಗೆ ವಿಚಾರಿಸಿದರು. ಎದುರಿನ ಬಾಗಿಲಲ್ಲಿ ಸಿದ್ದಬಸಪ್ಪ ಬಿಳಿಚಿಕೊಂಡು ನಿಂತಿದ್ದ. ಆಕೆ ಬೇಡಿಕೊಂಡದ್ದು ಇದೇ ಗಳಿಗೆಯನ್ನು. ಫಿಟ್ಸ್ ಎಂಬ ಮಾತು ಗಂಟಲವರೆಗೂ ಬಂದಿತ್ತು. ಚೊಂಬು ಎತ್ತಿ ನೀರು ಕುಡಿದಳು.

“ಹುಡುಗಿ ಬಂಗಾರ ಐತ್ರಿ,” ಎಂದಳು. “ಅಪ್ಪನ ಬಗ್ಗೆ ಮಾತ್ರ ನನ್ನ ಕೇಳಬ್ಯಾಡ್ರಿ.”

ಅವರು ಎದ್ದು ಹೋದ ಕೂಡಲೇ ನಮ್ಮ ಮನೆಗೆ ಬಂದು ಜಗಳಕ್ಕೇ ನಿಂತಳು. ಕೈಗೆ ಬಂದ ಸೇಡನ್ನು ನಿಮ್ಮ ಸ್ವಾಮಿ ಕಸಿದುಕೊಂಡ ಎಂದು ಅತ್ತಳು. ಭಾವನನ್ನು ಮನಸಾರೆ ಬೈದಳು. ಬೈದು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಯೇಸುವಿನವಳಾಗಲು ಮಾಡಿಸಿಕೊಳ್ಳುವ ದೀಕ್ಷಾಸ್ನಾನ ಯಾವ ಭಾನುವಾರ ಎಂದು ಕೇಳಿದಳು.

“ಸಿಟ್ಟು ಇನ್ನೂ ಹೋಗಿಲ್ಲಕ್ಕಾ. ಅದ್ರ ಸಮೇತ ಬಂದ್ರ ನಡೀತೈತೇನು?”