ರಸಬಾಳೆ ಮತ್ತು ಪ್ಲಸ್ ಸಿ

ಕಪಿಲಾ ಕಾವೇರಿ ಉಭಯ ತೀರಗಳ ಸಮಸ್ತ ಪಿಯುಸಿ ಸೈನ್ಸ್ ಸಂತ್ರಸ್ತರೇ, ಗ್ರೇಸ್ ಮಾರ್ಕ್ಸ್ ವಂಶೋದ್ಭವರೇ, ಲಾಲಿಸಿ!

ಇವತ್ತು ನರಸೀಪುರದಿಂದ ನಂಜನಗೂಡಿಗೆ ಬಸ್ಸಲ್ಲಿ ಬರ್ತಾ, ಸೆಕೆಂಡ್ ಪಿಯುಸಿ ಓದುವ ಚಿಕ್ಕಪ್ಪನ ಮಗಳಿಗೆ ಇಂಟಿಗ್ರೇಷನ್ ಹೇಳಿಕೊಡ್ತಿದ್ದೆ. ನನ್ನನ್ನು ಗಣಿತದ ಪಂಡಿತ ಅಂತ ನಂಬಿರುವ ಪ್ರಪಂಚದ ಏಕೈಕ ಜೀವಿ ಅವಳು. ಲೆಕ್ಕ ಮುಗಿಸಿ, "ಇಷ್ಟೇ ಕಣವ್ವ!" ಅಂದೆ.

ಮುಂದಿನ ಸೀಟಿನಿಂದ ದನಿ ಬಂತು: "ಪ್ಲಸ್ ಸಿ ಎಲ್ಲೋಯ್ತ್ಲಾ?"

ನಮ್ಮ ಮ್ಯಾಥ್ಸ್ ಸರ್! ಅವರು ರಿಟೈರಾಗಿದ್ದಾರೆ, ದನಿ ರಿಟೈರಾಗಿಲ್ಲ. ಇಂಟಿಗ್ರೇಷನ್ ಉತ್ತರದ ಕೊನೆಗೆ ಸೇರಿಸಲೇಬೇಕಾದ ಆ ‘ಸಿ’ ಬಿಟ್ಟವನು ಮಾರನೇ ದಿನ ಕ್ಲಾಸಿಗೆಲ್ಲ ಬಾಳೆಹಣ್ಣು ತರಬೇಕು ಅನ್ನೋದು ಅವರ ಕಾನೂನಾಗಿತ್ತು. ಚಾಕ್ ಪುಡಿಯ ಜೊತೆ ರಸಬಾಳೆ ಘಮಗುಡುತ್ತಿದ್ದ ಕ್ಲಾಸು ಅದು. ಈಗಲೂ ಹಣ್ಣು ಸುಲಿದರೆ ನನಗೆ ಕ್ಯಾಲ್ಕುಲಸ್ ನೆನಪಾಗುತ್ತೆ.

ಸರ್ ಚೀಲದಿಂದ ಒಂದು ಹಣ್ಣು ಕಿತ್ತು ತಂಗಿಗೆ ಕೊಟ್ಟರು. "ತಿನ್ನವ್ವ. ನಿಮ್ಮಣ್ಣ ತಂದ ಹಣ್ಣು ಬೇಕಾದಷ್ಟು ತಿಂದಿದ್ದೀನಿ."

ತಂಗಿ ನನ್ನನ್ನೇ ನೋಡಿದಳು. "ಸರ್ ಬಾಯಲ್ಲಿ ಆ ಮಾತನ್ನ ಇನ್ನೊಂದ್ಸಲ ಕೇಳೋಣ ಅಂತ ಬೇಕಂತಲೇ ‘ಸಿ’ ಬಿಟ್ಟಿದ್ದು ಕಣೇ" ಅಂದೆ. ಪಾಪ, ನಂಬಿದಳು.

ಸ್ನೇಹಿತರೇ, ಸರ್ ಅಲ್ಲಿ ಕೂತಿದ್ದಾರೆ ಅಂತಲೇ ನನಗೆ ಗೊತ್ತಿರಲಿಲ್ಲ.