ಜಮಾದಾರನ ಮೀಸೆ ಮತ್ತು ಅಕ್ಕನ ಕುಕ್ಕರ್

ಮೀನಿನ ತೊಟ್ಟಿಯ ಸ್ಪಂಜನ್ನು ಪ್ರೆಶರ್ ಕುಕ್ಕರಿಗೆ ಹಾಕಿ ಮೂರು ವಿಸಲ್ ಕೂಗಿಸುವ ಹೆಂಗಸು ನಮ್ಮ ಊರಿನಲ್ಲಿ ಒಬ್ಬಳೇ ಇದ್ದಾಳೆ. ಅವಳು ನನ್ನ ಅಕ್ಕ. ನಾನು ಅವಳ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಕೂತು ವಾರಪತ್ರಿಕೆಗೆ ನಗೆಬರಹ ಬರೆಯುತ್ತೇನೆ, ಊಟಕ್ಕೆ ಕೆಳಗಿಳಿಯುತ್ತೇನೆ, ಬೈಗುಳ ತಿಂದು ಮೇಲೇರುತ್ತೇನೆ. ಬೈಗುಳವೂ ಬಿಸಿಬಿಸಿಯಾಗಿಯೇ ಸಿಗುತ್ತದೆ.

ಅಕ್ಕ ಮೂವತ್ತೊಂದು ವರ್ಷ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದಳು. ಆಪರೇಷನ್ನಿನ ಕತ್ತರಿ, ಚಿಮಟ, ಬಟ್ಟೆಗಳನ್ನು ತೊಳೆದು, ಕಟ್ಟುಕಟ್ಟಿ, ಹಬೆಯ ಯಂತ್ರದೊಳಗಿಟ್ಟು ಕ್ರಿಮಿಗಳನ್ನು ಕೊಲ್ಲುವ ಕೋಣೆಗೆ ಅವಳೇ ಮುಖ್ಯಸ್ಥೆ. ಕಟ್ಟಿನ ಮೇಲೆ ಅಂಟಿಸುವ ಪಟ್ಟಿ ಹಬೆಯಲ್ಲಿ ಚೆನ್ನಾಗಿ ಬೆಂದ ಮೇಲೆ ಕಪ್ಪಗಾಗುತ್ತದೆ. ಅದು ಕಪ್ಪಾಗುವ ತನಕ ಅವಳ ಕೋಣೆಯಿಂದ ಒಂದು ಸೂಜಿಯೂ ಹೊರಗೆ ಹೋಗುತ್ತಿರಲಿಲ್ಲ. ಒಮ್ಮೆ ದೊಡ್ಡ ಸರ್ಜನ್ ಒಬ್ಬರು ಅವಸರದಲ್ಲಿ ಬಾಗಿಲಿಗೇ ಬಂದು ಕೂಗಾಡಿದರಂತೆ. ಅಕ್ಕ ಸ್ಟೂಲ್ ಎಳೆದುಕೊಂಡು ಯಂತ್ರದ ಬಾಗಿಲಿಗೆ ಬೆನ್ನುಕೊಟ್ಟು ಕೂತಳು. "ಇಪ್ಪತ್ತು ನಿಮಿಷ ಅಂದ್ರೆ ಇಪ್ಪತ್ತು ನಿಮಿಷ ಡಾಕ್ಟ್ರೇ. ಕೂಗಾಡಿದ್ರೆ ಹತ್ತೊಂಬತ್ತಾಗಲ್ಲ." ಅಂದಿನಿಂದ ಆಸ್ಪತ್ರೆಯಲ್ಲಿ ಅವಳ ಹೆಸರು ಹಬೆಯಕ್ಕ. ಯಂತ್ರದ ದೆಸೆಯಿಂದ ಬಂತೋ ಅವಳ ಸಿಟ್ಟಿನ ದೆಸೆಯಿಂದ ಬಂತೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮೀನು ಮನೆಗೆ ಬಂದದ್ದೂ ಸಿಟ್ಟಿನಿಂದಲೇ. ಮಕ್ಕಳ ವಾರ್ಡಿನ ಮುಂದೆ ಒಂದು ಗಾಜಿನ ತೊಟ್ಟಿ ಇತ್ತು. ಅದನ್ನು ತೆಗೆದು ಜಾಹೀರಾತು ತೋರಿಸುವ ಟಿವಿ ಇಡಬೇಕೆಂದು ಆಡಳಿತದವರು ತೀರ್ಮಾನಿಸಿದರು. ಕೆಂಪು, ಹಳದಿ ಮೀನುಗಳನ್ನು ಸಿಬ್ಬಂದಿ ಹಂಚಿಕೊಂಡು ಹೋದರು. ಕೊನೆಗೆ ನೀರು ಚೆಲ್ಲುವಾಗ ತಳದ ಕಲ್ಲಿನಡಿಯಲ್ಲಿ ಇನ್ನೂ ಒಂದು ಕಾಣಿಸಿತು: ಗೇಣುದ್ದದ, ಮಣ್ಣು ಬಣ್ಣದ, ಅಗಲ ಬಾಯಿಯ, ಉದ್ದ ಮೀಸೆಯ ಕ್ಯಾಟ್‌ಫಿಶ್. ಕುರೂಪಿ, ಯಾರಿಗೂ ಬೇಡ. ಅಕ್ಕ ಅದನ್ನು ಬಕೆಟಿಗೆ ಹಾಕಿ, ಬಸ್ಸಿನಲ್ಲಿ ಬಕೆಟನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದಳು. ಮಾರನೆಯ ದಿನ ಆ ತೊಟ್ಟಿಯೂ ಬಂತು.

"ಇದೇನಿದು?" ಎಂದರು ಭಾವ.

"ಮೀನು."

"ಅದು ಗೊತ್ತಾಯ್ತು ಕಣೇ. ಯಾಕೆ ಅಂತ?"

"ಚರಂಡಿಗೆ ಸುರೀತಿದ್ರು. ಯಾಕೆ ಅಂತ ಅವರನ್ನ ಹೋಗಿ ಕೇಳಿ."

ಭಾವ ಬಸ್ ಡಿಪೋದಲ್ಲಿ ಗುಮಾಸ್ತರು. ಜಗತ್ತಿನ ಎಲ್ಲದಕ್ಕೂ 'ಹೂಂ' ಎನ್ನುವ ಮನುಷ್ಯ. ಮೀಸೆ ನೋಡಿ ಮೀನಿಗೆ ಜಮಾದಾರ ಎಂದು ಹೆಸರಿಟ್ಟವರು ಅವರೇ. ತೊಟ್ಟಿಯ ಕೆಲಸವೂ ಅವರ ಪಾಲಿಗೇ ಬಂತು, ಒಂದು ಕಟ್ಟುನಿಟ್ಟಿನ ಷರತ್ತಿನೊಂದಿಗೆ. ನೀರು ಸೋಸುವ ಸ್ಪಂಜನ್ನು ತಿಂಗಳಿಗೊಮ್ಮೆ ಕುಕ್ಕರಿನಲ್ಲಿ ಕುದಿಸಬೇಕು. ಭಾವ ಹೂಂ ಎಂದರು. ಹೀಗೆ ಏಳು ವರ್ಷ ನಡೆಯಿತು. ಅಕ್ಕ ಕೆಲಸದಿಂದ ಬಂದವಳೇ ಮುಖ ತೊಳೆಯುವ ಮುಂಚೆ ತೊಟ್ಟಿಯ ಮುಂದೆ ನಿಂತು ಅದಕ್ಕೆ ದಿನದ ವರದಿ ಒಪ್ಪಿಸುತ್ತಿದ್ದಳು. "ಇವತ್ತು ಆ ಮೂರ್ಖ ಏನ್ಮಾಡ್ದ ಗೊತ್ತೇನೋ ಜಮಾದಾರ." ಜಮಾದಾರ ಮೀಸೆ ಅಲ್ಲಾಡಿಸುತ್ತಿದ್ದ. ನಮ್ಮಿಬ್ಬರಿಗಿಂತ ಅವನೇ ಗಮನವಿಟ್ಟು ಕೇಳುತ್ತಿದ್ದ ಎಂಬುದು ಅಕ್ಕನ ಆರೋಪ.

ಈ ವರ್ಷ ಆಸ್ಪತ್ರೆಯವರು ಅವಳ ಕೋಣೆಯನ್ನೇ ಮುಚ್ಚಿದರು. ಇನ್ನು ಮುಂದೆ ಹೊರಗಿನ ಕಂಟ್ರಾಕ್ಟರು ಎಲ್ಲವನ್ನೂ ಕೊಂಡೊಯ್ದು ತೊಳೆದು ತರುತ್ತಾನಂತೆ. ಅಕ್ಕನಿಗೆ ಹೂಗುಚ್ಛ ಕೊಟ್ಟು, ಅವಧಿಗೆ ಎರಡು ವರ್ಷ ಮುಂಚೆಯೇ ಕಳಿಸಿಕೊಟ್ಟರು. "ಪಟ್ಟಿ ಕಪ್ಪಾಗಿದೆಯಾ ಅಂತ ನೋಡೋರು ಯಾರು?" ಎಂದು ಅವಳು ವೇದಿಕೆಯ ಮೇಲೆಯೇ ಕೇಳಿದಳಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಶ್ನೆಗೆ ಚಪ್ಪಾಳೆ ತಟ್ಟುವ ಜನರ ಮೇಲೆ ನನಗೂ ಪಿತ್ತ ನೆತ್ತಿಗೇರಿತು. ಆದರೆ ನನ್ನ ಸಿಟ್ಟು ಒಂದು ಕಾಲಮ್ಮಿನಷ್ಟು ಉದ್ದ. ಅಕ್ಕನದು ಇಡೀ ಮನೆಯನ್ನು ಆವರಿಸಿತು.

ಕುದಿಸಲು ಕತ್ತರಿಗಳಿಲ್ಲದೆ ಹೋದಾಗ ಅವಳು ಚಮಚಗಳನ್ನು ಕುದಿಸಿದಳು, ಬಾಗಿಲ ಚಿಲಕ ಬಿಚ್ಚಿ ಕುದಿಸಿದಳು. ನನ್ನ ಬಾಚಣಿಗೆಯನ್ನು ಕುದಿಸಿದಳು. ಅದು ಕುಕ್ಕರಿನಿಂದ ಬಳ್ಳಿಯ ಹಾಗೆ ಬಳುಕಿಕೊಂಡು ಹೊರಬಂತು. ಕೊನೆಗೆ ಅವಳ ಕಣ್ಣು ತೊಟ್ಟಿಯ ಮೇಲೆ ಬಿತ್ತು. "ಏನ್ರೀ ಇದು, ಗಾಜೆಲ್ಲ ಪಾಚಿ. ಹೀಗಾ ನೋಡ್ಕೊಳ್ಳೋದು? ಬಿಡಿ, ಇನ್ಮೇಲೆ ನಾನೇ ಮಾಡ್ತೀನಿ." ಭಾವ ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಹೂಂ ಎಂದರು.

ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ. ಕಲ್ಲುಗಳಿಗೆ ಕುದಿನೀರು, ಗಾಜಿಗೆ ಬ್ರಷ್ಷು, ಸ್ಪಂಜಿಗೆ ಮೂರು ವಿಸಲ್, ಆಮೇಲೆ ನಲ್ಲಿಯಿಂದ ನೇರ ಹೊಸ ನೀರು. ತೊಟ್ಟಿ ಫಳಫಳ ಹೊಳೆಯಿತು. ಐದನೆಯ ವಾರ ಜಮಾದಾರ ಊಟ ಬಿಟ್ಟ. ಆರನೆಯ ವಾರ ಅವನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡತೊಡಗಿದ. ಕಿವಿರು ಕೆಂಪಗೆ ಉರಿಯುತ್ತಿತ್ತು. ಉದ್ದನೆಯ ಮೀಸೆಗಳು ತುದಿಯಿಂದ ಕರಗಿ ಅರ್ಧಕ್ಕೆ ಬಂದಿದ್ದವು.

"ಇನ್ಫೆಕ್ಷನ್," ಎಂದಳು ಅಕ್ಕ. ಇನ್ಫೆಕ್ಷನ್ನಿಗೆ ಅವಳ ಬಳಿ ಇದ್ದ ಮದ್ದು ಒಂದೇ. ವಾರಕ್ಕೊಮ್ಮೆ ಇದ್ದದ್ದು ದಿನ ಬಿಟ್ಟು ದಿನವಾಯಿತು. ನನ್ನನ್ನು ಸಾಕುವ ಮೀನು ಮಾರುವ ಅಂಗಡಿಗೆ ಔಷಧಿಗೆಂದು ಅಟ್ಟಿದಳು. ಹೋದೆ, ಹಸಿರು ಸೀಸೆ ತಂದೆ, ಹತ್ತು ಹನಿ ಎಂದು ಹೇಳಿದೆ. ಅಕ್ಕ ಹನಿ ಎಣಿಸಿ ಹಾಕಿದಳು. ಅರ್ಧ ಗಂಟೆಯಲ್ಲಿ ಜಮಾದಾರ ತೊಟ್ಟಿಯ ತುಂಬ ಹುಚ್ಚು ಹಿಡಿದವನಂತೆ ಗಾಜಿಗೆ ಬಡಿದುಕೊಂಡು, ಕೊನೆಗೆ ತಳದಲ್ಲಿ ಪಕ್ಕಕ್ಕೆ ಮಲಗಿಬಿಟ್ಟ.

ಅಕ್ಕ ಸೀಸೆ ಎತ್ತಿಕೊಂಡಳು. ಚಪ್ಪಲಿ ಮೆಟ್ಟಿಕೊಂಡಳು. "ನಡಿ," ಎಂದಳು.

ದಾರಿಯಲ್ಲಿ ಎದುರಾದ ಪಕ್ಕದ ಮನೆಯವರು "ಎಲ್ಲಿಗೆ?" ಎಂದು ಕೇಳಿ, ವಿಷಯ ತಿಳಿದು, "ಅಯ್ಯೋ, ಒಂದು ಮೀನಿಗೆ ಇಷ್ಟು ತಲೆ ಕೆಡಿಸ್ಕೋತೀರಾ? ಹೋದ್ರೆ ಇನ್ನೊಂದು ತಂದ್ರಾಯ್ತಪ್ಪ," ಎಂದರು. ಅಕ್ಕ ನಿಂತಳು. "ನಿಮ್ಮ ಯಜಮಾನರಿಗೆ ಮೊನ್ನೆ ಜ್ವರ ಬಂದಿತ್ತಲ್ಲ, ಆಗ ನಾನು ಹೀಗೇ ಹೇಳಬೇಕಿತ್ತು." ಅಷ್ಟು ಹೇಳಿ ನಡೆದಳು. ಆ ಮನೆಯೊಂದಿಗೆ ಇನ್ನೊಂದು ವರ್ಷ ಮಾತಿಲ್ಲ ಎಂದು ನಾನು ಲೆಕ್ಕ ಹಾಕಿದೆ.

ಮೀನಿನಂಗಡಿಯವನು ಕಡ್ಡಿಯಂಥ ಮನುಷ್ಯ, ಕಿವಿಯ ಮೇಲೆ ಪೆನ್ಸಿಲು. ಅಕ್ಕ ಸೀಸೆಯನ್ನು ಅವನ ಮುಂದೆ ಕುಕ್ಕಿದಳು.

"ಏನಪ್ಪಾ, ಇದು ಔಷಧಿನೋ ವಿಷಾನೋ?"

"ಯಾವ ಮೀನಮ್ಮ?"

"ಕ್ಯಾಟ್‌ಫಿಶ್."

ಅವನು ಪೆನ್ಸಿಲನ್ನು ಕಿವಿಯಿಂದ ತೆಗೆದು ನನ್ನತ್ತ ತೋರಿಸಿದ. "ಅದಕ್ಕೆ ಮೈಮೇಲೆ ಹುರುಪೆ ಇರಲ್ಲಮ್ಮ, ಔಷಧಿ ನೇರ ಚರ್ಮಕ್ಕೆ ತಾಗುತ್ತೆ. ಅರ್ಧ ಡೋಸೂ ಹೆಚ್ಚು. ಇವ್ರೇ ಬಂದಿದ್ದು. ಯಾವ ಮೀನು ಸಾರ್ ಅಂದೆ. ಒದ್ದೆ ಮೀನು ಅಂದ್ರು."

ಹೌದು, ಹಾಗೆ ಅಂದಿದ್ದೆ. ಆಗ ಅದು ನಗೆಮಾತಿನಂತೆ ಕಂಡಿತ್ತು. ಅಕ್ಕ ನನ್ನ ಕಡೆ ತಿರುಗಿದಳು. ಬೈಯಲಿಲ್ಲ. ಐವತ್ತು ವರ್ಷದಲ್ಲಿ ಮೊದಲ ಸಲ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಔಷಧಿ ಇರ್ಲಿ," ಎಂದ ಅಂಗಡಿಯವನು. "ಮೊದಲೇ ಯಾಕೆ ಕಾಯಿಲೆ ಬಿತ್ತು? ಸ್ಪಂಜು ಹೇಗೆ ತೊಳೀತೀರಮ್ಮ?"

"ಕುಕ್ಕರಲ್ಲಿ. ಮೂರು ವಿಸಲ್."

ಅವನು ಪೆನ್ಸಿಲನ್ನು ಮತ್ತೆ ಕಿವಿಯ ಮೇಲೆ ಸಿಕ್ಕಿಸಿದ. ಆಮೇಲೆ ಮೆಲ್ಲಗೆ, "ಅಮ್ಮ, ಮೀನಿನ ಹೊಲಸು ನೀರಲ್ಲಿ ವಿಷ ಆಗುತ್ತೆ. ಆ ವಿಷ ತಿನ್ನೋ ಕ್ರಿಮಿಗಳು ಸ್ಪಂಜಲ್ಲಿ ಮನೆ ಮಾಡ್ಕೊಂಡಿರ್ತವೆ. ನೀವು ಅವನ್ನ ಬೇಯಿಸಿ ಸಾಯಿಸಿದ್ರಿ. ಮೀನಿಗೆ ಬಂದಿರೋದು ಕಾಯಿಲೆ ಅಲ್ಲ, ಸುಟ್ಟ ಗಾಯ," ಎಂದ.

"ಕ್ರಿಮಿ ಬೇಕು ಅಂತೀಯಾ?"

"ಒಳ್ಳೇ ಕ್ರಿಮಿ ಅಮ್ಮ."

"ಮೂವತ್ತೊಂದು ವರ್ಷ," ಎಂದಳು ಅಕ್ಕ. "ಮೂವತ್ತೊಂದು ವರ್ಷ ನನ್ನ ಕೈಯಿಂದ ಹೋದ ಕತ್ತರಿಯಿಂದ ಒಂದು ಜೀವಕ್ಕೆ ಕೀವಾಗಿಲ್ಲ. ನನ್ನ ಮುಂದೆ ನಿಂತು ಒಳ್ಳೇ ಕ್ರಿಮಿ ಅಂತೀಯಲ್ಲ, ನಿನಗೆ ಅಂಗಡಿ ಇಡೋಕೆ ಯಾರಪ್ಪ ಬಿಟ್ಟೋರು?" ಸೀಸೆಯನ್ನು ಅಲ್ಲೇ ಬಿಟ್ಟು ಬಿರಬಿರನೆ ಹೊರಟಳು. ನಾನು ಅವಳ ಹಿಂದೆ, ಕ್ಷಮೆಯ ಮುಖ ಮಾಡಿಕೊಂಡು, ಇಬ್ಬರಿಗೂ ಬೇಡವಾದವನಾಗಿ.

ಮನೆಗೆ ಬಂದವಳೇ ಸ್ಪಂಜು ಕಿತ್ತಳು, ಕುಕ್ಕರಿಗೆ ನೀರು ಹಾಕಿದಳು. ಜಮಾದಾರ ಕಿವಿರು ಮುಚ್ಚಿ ತೆರೆಯುವುದು ಎಣಿಸುವಷ್ಟು ನಿಧಾನವಾಗಿತ್ತು. ಅಕ್ಕ ಒಲೆ ಹಚ್ಚಲು ಕೈ ಚಾಚಿದಾಗ ಭಾವ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಇವಳೇ, ಒಂದು ಮಾತು."

"ಈಗ ಬೇಡ."

"ಈಗ್ಲೇ ಹೇಳ್ಬೇಕು. ಆ ಸ್ಪಂಜನ್ನ ನಾನು ಯಾವತ್ತೂ ಕುದಿಸಿಲ್ಲ."

ಅಕ್ಕನ ಕೈ ಹಾಗೇ ನಿಂತಿತು.

"ಮೊದಲನೇ ತಿಂಗಳು ಆ ಅಂಗಡಿಯವನ್ನ ಕೇಳ್ದೆ. ಕುದಿಸ್ಬೇಡಿ ಅಂದ. ತೊಟ್ಟಿ ನೀರನ್ನೇ ಬಕೆಟಿಗೆ ತಗೊಂಡು, ಅದರಲ್ಲಿ ಎರಡು ಸಲ ಹಿಂಡಿ ವಾಪಸ್ ಇಡ್ತಿದ್ದೆ. ನಿನ್ ಹತ್ರ ಹೇಳೋ ಧೈರ್ಯ ಇರ್ಲಿಲ್ಲ."

"ತಿಂಗಳು ತಿಂಗಳೂ ವಿಸಲ್ ಕೇಳಿಸ್ತಿತ್ತಲ್ರೀ?"

"ಆಲೂಗಡ್ಡೆ," ಎಂದರು ಭಾವ.

ಏಳು ವರ್ಷ ಆ ಆಲೂಗಡ್ಡೆ ತಿಂದವರಲ್ಲಿ ನಾನೂ ಒಬ್ಬ. ಸ್ಪಂಜು ಬೆಂದ ಕುಕ್ಕರಿನಲ್ಲೇ ಬೆಂದದ್ದು ಎಂದು ಹೇಸಿಕೊಂಡೇ ತಿಂದಿದ್ದೆ. ಆಗ ನಗಬಾರದಿತ್ತು. ನನ್ನ ಮೂಗಿನಿಂದ ಒಂದು ಸದ್ದು ಹೊರಟಿತು. ಚಮಚವೊಂದು ನನ್ನ ಕಿವಿಯ ಪಕ್ಕದಲ್ಲಿ ಹಾದುಹೋಯಿತು, ಕ್ರಿಮಿರಹಿತ ಚಮಚ.

"ಏಳು ವರ್ಷ ನನ್ನ ಕಣ್ಣಿಗೇ ಮಣ್ಣೆರಚಿದ್ರಿ. ಗುಮಾಸ್ತರಂತೆ, ಸಾಧು ಮನುಷ್ಯರಂತೆ. ಆ ಬಾಯಲ್ಲಿ ಹೂಂ ಅಂದು ಈ ಕೈಯಲ್ಲಿ ಆಲೂಗಡ್ಡೆ ಬೇಯಿಸ್ತಿದ್ರಾ? ಹೋಗ್ಲಿ, ಆರು ವಾರದಿಂದ ನಾನು ಬೇಯಿಸ್ತಾ ಇದ್ನಲ್ಲ, ಅವಾಗಾದ್ರೂ ಬಾಯಿ ಬಿಡೋಕೆ ಏನಾಗಿತ್ತು? ನಾಲಿಗೆಗೂ ಡಿಪೋದಲ್ಲಿ ರಜಾ ಚೀಟಿ ಬರ್ದುಕೊಡ್ಬೇಕಿತ್ತಾ?"

"ನೀನು ಕೆಲಸ ಬಿಟ್ಟು ಬಂದಿದ್ದೆ," ಎಂದರು ಭಾವ. "ಮಾಡೋಕೆ ಏನಾದ್ರೂ ಇರ್ಲಿ ಅಂತ ಸುಮ್ನಿದ್ದೆ. ತಪ್ಪಾಯ್ತು."

ಅಕ್ಕ ಹಜಾರಕ್ಕೆ ಹೋಗಿ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಳಗೆ ಒಂದು ಚುಕ್ಕೆ ಪಾಚಿ ಇರಲಿಲ್ಲ, ಕಲ್ಲುಗಳು ಮಿಂಚುತ್ತಿದ್ದವು. ಅದರ ನಡುವೆ ಜಮಾದಾರ ಹೊಟ್ಟೆ ಒಂದು ಕಡೆ ಮಾಡಿ ಬಿದ್ದಿದ್ದ.

"ಕೊಳಕಲ್ಲಿ ಏಳು ವರ್ಷ ಚೆನ್ನಾಗಿದ್ದ," ಎಂದಳು. "ನನ್ನ ಕೈಗೆ ಬಂದು ಆರು ವಾರ." ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಮತ್ತೆ ಚಪ್ಪಲಿ ಮೆಟ್ಟಿಕೊಂಡಳು.

ಅಂಗಡಿಯವನು ನಮ್ಮನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಕೊಳಕು ಸ್ಪಂಜು ಕೊಡಪ್ಪ," ಎಂದಳು ಅಕ್ಕ. "ಇರೋದರಲ್ಲೆಲ್ಲ ಕೊಳಕಾಗಿರೋದು."

ಅವನು ಒಂದು ತೊಟ್ಟಿಯಿಂದ ಕಂದು ಬಣ್ಣದ, ಕೆಸರು ಸೋರುವ ಸ್ಪಂಜು ತೆಗೆದ.

"ತಡಿ. ಆ ತೊಟ್ಟೀಲಿ ಈ ತಿಂಗಳು ಯಾವುದಾದ್ರೂ ಸತ್ತಿದ್ಯಾ?"

"ಇಲ್ಲಮ್ಮ."

"ಹೊಸ ಮೀನು ಬಿಟ್ಟಿದ್ದೀಯಾ?"

"ಎರಡು ತಿಂಗಳಾಯ್ತು. ಇದನ್ನ ಇದುವರೆಗೂ ಯಾರೂ ಕೇಳಿರ್ಲಿಲ್ಲ," ಎಂದ ಅವನು. ದನಿಯಲ್ಲಿ ಗೌರವವಿತ್ತು. ಅಕ್ಕ ಆ ಗೌರವವನ್ನೂ ಸಿಟ್ಟಿನಿಂದಲೇ ಸ್ವೀಕರಿಸಿದಳು. "ಕೇಳದೇ ಇರೋದಕ್ಕೇ ನಿನ್ನ ಅಂಗಡಿ ನಡೀತಿದೆ."

ಅವನು ಎಲ್ಲವನ್ನೂ ವಿವರಿಸಿದ. ನಲ್ಲಿ ನೀರನ್ನು ಅದರ ಕ್ಲೋರಿನ್ ಹೋಗಲು ಒಂದು ದಿನ ಬಕೆಟಿನಲ್ಲಿ ನಿಲ್ಲಿಸಿ, ಕಾಲು ಭಾಗ ಮಾತ್ರ ಬದಲಿಸಬೇಕು. ಇವತ್ತಿಗೆ ತನ್ನ ತೊಟ್ಟಿಯದೇ ಹಳೆ ನೀರು ಎರಡು ಕ್ಯಾನು ಕೊಡುತ್ತಾನೆ. ಔಷಧಿ ಬೇಡ. ಗಾಳಿಯ ಪಂಪು ನಿಲ್ಲಬಾರದು. ಹತ್ತು ದಿನ ತೊಟ್ಟಿಯೊಳಗೆ ಕೈ ಹಾಕಬಾರದು, ಏನನ್ನೂ ತೊಳೆಯಬಾರದು. "ನೀವು ಏನೂ ಮಾಡ್ಬಾರ್ದಮ್ಮ. ಅದೇ ಚಿಕಿತ್ಸೆ. ಆದ್ರೂ ಉಳಿಯುತ್ತೆ ಅಂತ ಮಾತು ಕೊಡಲ್ಲ."

ಸ್ಪಂಜನ್ನು ಕವರಿನಲ್ಲಿ ಹಾಕಿ, ನೀರು ತುಂಬಿಸಿ, ಅಕ್ಕ ಎರಡೂ ಕೈ ಮುಂದೆ ಚಾಚಿ ಹಿಡಿದು, ಎಲ್ಲಿಯೂ ತಾಗದಂತೆ, ಆಪರೇಷನ್ ಕೋಣೆಗೆ ಕಟ್ಟು ಒಯ್ಯುವ ಹಾಗೆ ಬೀದಿಯಲ್ಲಿ ನಡೆದಳು. ಕ್ಯಾನು ಹೊತ್ತ ನಾನು ಬಾಗಿಲ ಹತ್ತಿರ ಕವರಿಗೆ ಕೈ ಕೊಡಲು ಹೋದೆ.

"ಮುಟ್ಟಬೇಡ. ಕೈ ತೊಳ್ಕೊಂಡ್ ಬಾ."

ಹೊರಟೆ.

"ಸೋಪು ಹಾಕ್ಬೇಡ. ಪಾಪ, ಅವು ಸತ್ತುಹೋಗ್ತವೆ," ಎಂದಳು.

ಆ ಹತ್ತು ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ವಾಸ ಎನ್ನಲಾಗದು. ಏನೂ ಮಾಡಬಾರದು ಎಂಬ ಅಪ್ಪಣೆಯನ್ನು ಅಕ್ಕ ಪಾಲಿಸಿದಳು, ಪಾಲಿಸುವ ಸಂಕಟವನ್ನೆಲ್ಲ ನಮ್ಮ ಮೇಲೆ ಕಾರಿದಳು. ಭಾವ ಬಕೆಟಿನಲ್ಲಿ ನೀರು ನಿಲ್ಲಿಸಿದರೆ ಅದೇಕೆ ಅಲ್ಲಿಟ್ಟಿರಿ, ಸರಿಸಿದರೆ ಅದೇಕೆ ಸರಿಸಿದಿರಿ. ನನ್ನನ್ನು 'ಒದ್ದೆ ಮೀನು' ಎಂದೇ ಕರೆದಳು. ಆಸ್ಪತ್ರೆಯಿಂದ ಹಳೆಯ ಸಹೋದ್ಯೋಗಿಯೊಬ್ಬಳು ಫೋನ್ ಮಾಡಿ, ಹೊಸ ಕಂಟ್ರಾಕ್ಟರಿನ ಕಟ್ಟಿನಲ್ಲಿ ಪಟ್ಟಿ ಬಿಳಿಯಾಗಿಯೇ ಬಂದಿತ್ತು, ನಿನ್ನ ನೆನಪಾಯಿತು ಎಂದಳಂತೆ. "ನೆನಪು ಮಾಡ್ಕೊಂಡು ಏನ್ ಮಾಡ್ದೆ? ವಾಪಸ್ ಕಳಿಸಿದ್ಯಾ?" ಎಂದು ಕೇಳಿದಳು ಅಕ್ಕ. ಇಲ್ಲವಂತೆ. ಅಕ್ಕ ಫೋನ್ ಇಟ್ಟು, ಕೈ ಹಿಂದೆ ಕಟ್ಟಿಕೊಂಡು, ತೊಟ್ಟಿಯ ಮುಂದೆ ಒಂದು ಗಂಟೆ ನಿಂತಳು.

ಒಂಬತ್ತನೆಯ ದಿನ ಮಧ್ಯಾಹ್ನ ಜಮಾದಾರ ನೆಟ್ಟಗಾದ. ಮೊಂಡು ಮೀಸೆಗಳಿಂದ ಕಲ್ಲುಗಳ ನಡುವೆ ತಡಕಾಡಿ, ಭಾವ ಹಾಕಿದ ಒಂದೇ ಒಂದು ಆಹಾರದ ಗುಳಿಗೆಯನ್ನು ಬಾಯಿಗೆ ಹಾಕಿ, ಉಗುಳಿ, ಮತ್ತೆ ಹಾಕಿಕೊಂಡು ನುಂಗಿದ. ಭಾವ ಮೂಗು ಒರೆಸಿಕೊಂಡರು.

ಗಾಜಿನೊಳಗೆ ಹಸಿರು ಪಾಚಿ ತೆಳ್ಳಗೆ ಹಬ್ಬತೊಡಗಿತ್ತು. ಅಕ್ಕ ಅದನ್ನು ನೋಡಿದಳು, ಹಲ್ಲು ಕಚ್ಚಿದಳು, ಒಳಗೆ ಹೋಗಿ ಬಟ್ಟೆಯ ತುಂಡೊಂದನ್ನು ತಂದಳು. ಭಾವ ಎದ್ದು ನಿಂತರು. ನಾನೂ ಎದ್ದೆ.

"ಕೂತ್ಕೊಳ್ಳಿ ಇಬ್ರೂ," ಎಂದಳು. "ಒಳಗಡೆ ನಿಮ್ದು. ಹೊರಗಡೆ ನಂದು. ಅದಕ್ಕೂ ಅಡ್ಡ ಬಂದ್ರೆ ನೋಡಿ ಮತ್ತೆ."

ಅಷ್ಟು ಹೇಳಿ ಗಾಜಿನ ಹೊರಮೈಯನ್ನು ಮೂಲೆ ಮೂಲೆಗೂ ಒತ್ತಿ ಒತ್ತಿ ಉಜ್ಜತೊಡಗಿದಳು.