ಗುರುಪುತ್ರಪ್ಪನ ಎರಡು ಹೆಚ್ಚಿನ ಸರಳು

ಖಾನಾಪುರದ ಓವರ್ಸಿಯರ್ ಗುರುಪುತ್ರಪ್ಪ ಪುಕ್ಕಲ ಮನಷ್ಯಾ. ಮಂದಿ ಹೇಳೂಕಿಂತ ಮೊದಲ ತಾನ ಹೇಳಿಕೊಂಡು ನಗತಿದ್ದ. ಮಗಳು ಹುಟ್ಟಿದಾಗ ತೊಟ್ಟಿಲಾ ಕಟ್ಟಾಕ ಜಂತಿಗೆ ಎಂಥಾ ಕೊಂಡಿ ಹೊಡದಿದ್ದ ಅಂದ್ರ, ಕೂಸಿನ ಬದಲಿ ಎಮ್ಮಿ ತೂಗಬಹುದಿತ್ತು. ಹೆಂಡತಿ ಪದ್ಮವ್ವ ಮನಿಗೆ ಬಂದವರಿಗೆಲ್ಲಾ ಅದನ್ನ ತೋರಸತಿದ್ಲು.

ಕೆಲಸದಾಗೂ ಹಂಗ. ಲೆಕ್ಕದಾಗ ಆರು ಕಬ್ಬಿಣದ ಸರಳು ಸಾಕು ಅಂತ ಬಂದ್ರ, ನಕ್ಷೆದಾಗ ಎಂಟು ಬರೀತಿದ್ದ. ಮಳಿ ಎಷ್ಟ ಬರತೈತೋ, ಉಸುಕಿನ್ಯಾಗ ಮಣ್ಣ ಎಷ್ಟ ಐತೋ ಅಂತ ಕಾರಣಾ ಕೊಡತಿದ್ದ. ಖರೇ ಕಾರಣಾ ಬ್ಯಾರೇನ ಇತ್ತು. ಕಟ್ಟೂ ಗೌಂಡಿ ಮುನಾಫ ಎರಡು ಸರಳು ಕದ್ದು ತಗೀತಾನ ಅಂತ ಅವನ ಗುಮಾನಿ. ಒಮ್ಮೆನೂ ಎಣಿಸಿ ನೋಡಿದ್ದಿಲ್ಲ. ಕಡಿಮಿ ಕಂಡ್ರ ಜಗಳಾ ಆಡಬೇಕಾಗತಿತ್ತಲ್ಲಾ, ಅಷ್ಟು ಎದಿ ಎಲ್ಲಿಂದ ತರಬೇಕು? ಹದಿನಾಲ್ಕು ವರ್ಷದ ಈ ಜಾಣತನದ ಮ್ಯಾಲ ಮಾತ್ರ ಭಾಳ ಅಭಿಮಾನ ಇತ್ತು.

ಎಪ್ಪತ್ತೊಂಬತ್ತನೇ ಇಸ್ವಿ ಬ್ಯಾಸಗ್ಯಾಗ ಜಾಂಬೋಟಿ ಬಾಜೂಕಿನ ಹಳ್ಳಕ್ಕ, ಸಾಲಿ ಹುಡುಗರು ದಾಟಾಕ, ಒಂದು ಕಾಲುಸೇತುವೆ ಮಂಜೂರಾತು. ಅಷ್ಟರಾಗ ಬೆಳಗಾವಿ ಮೀಟಿಂಗಿನ್ಯಾಗ ದೊಡ್ಡ ಸಾಹೇಬ್ರು, ನಿನ್ನ ಸೇತುವೆ ಮ್ಯಾಲ ಹುಡುಗರು ದಾಟತಾರೋ ಆನಿ ದಾಟತಾವೋ ಅಂತ ಕೇಳಿ ಎಲ್ಲಾರನ್ನೂ ನಗಿಸಿದ್ರು. ಮಾನಾ ಹೋದಂಗಾತು. ಸಿಟ್ಟಿನ್ಯಾಗ ಬಂದು ಈ ಸಲ ಬರೋಬರಿ ಆರ ಸರಳು ಬರದ.

ಸೇತುವೆ ಮುಗೀತು. ಜೂನದಾಗ ಸಾಲಿ ಸುರು ಆಗೂ ದಿನಾ, ಮುಂಜಾನೆ ರೊಟ್ಟಿ ಮುರಿಯೂವಾಗ ತಲಿಗೆ ಹೊಳೀತು: ಆರರಾಗ ಮುನಾಫ ಎರಡು ತಗದ್ರ ಉಳಿಯೂದು ನಾಕು. ಹುಡುಗರು ಒಬ್ಬೊಬ್ಬರ ದಾಟಿದ್ರ ತಡದೀತು; ಹಿಂಡುಗಟ್ಟಿ ಓಡಿದ್ರ? ಅರ್ಧಾ ರೊಟ್ಟಿ ಬಿಟ್ಟು ಬಸ್ಸು ಹಿಡದ.

ಹಳ್ಳಕ್ಕ ಕೆಂಪು ನೀರು ಬಂದಿತ್ತು. ಛತ್ರಿ ಅಡ್ಡಾ ಹಿಡದು ಹುಡುಗರನ್ನ ತಡದು, ಮುನಾಫನ್ನ ಕರಸಿ, ದಂಡಿ ಬಾಜು ಸೇತುವೆ ತಳದಾಗ ಸಿಮೆಂಟ ಕೆತ್ತಸಿದ. ಬಗ್ಗಿ ಎಣಿಸಿದ. ಎಂಟಿದ್ದುವು. ಮತ್ತೊಮ್ಮೆ ಎಣಿಸಿದ್ರೂ ಎಂಟ.

ಮುನಾಫ ಉಳಿ ಕೆಳಗಿಟ್ಟ. "ಇಷ್ಟು ಕಡಿಮಿ ನೀವು ಎಂದೂ ಬರದಿದ್ದಿಲ್ಲರೀ ಸಾಹೇಬ್ರ. ಮೈಯಾಗ ಆರಾಮಿಲ್ಲದ ಲೆಕ್ಕಾ ತಪ್ಪೇತಿ ಅನಕೊಂಡು, ನಮ್ಮ ಮನಿ ಕಟ್ಟಾಕ ಕೊಂಡು ತಂದಿಟ್ಟಿದ್ದ ಎರಡು ಹಾಕೀನಿ."

ಗುರುಪುತ್ರಪ್ಪಗ ಹೋದ ಜೀವಾ ಬಂದಂಗಾತು. ಆ ಖುಷಿಯಾಗ, ನಾಕ ಅದಾವಂತ ಅಂಜಿದ್ದೆ ನೋಡು ಅಂದುಬಿಟ್ಟ.

"ಆರು ಬರದವ್ರು ನೀವು. ನಾಕು ಹೆಂಗ ಆಗಬೇಕಿತ್ತು?"

ಏನರ ಒಂದು ಸುಳ್ಳು ಹೇಳಬಹುದಿತ್ತು. ಅವತ್ತು ಸುಳ್ಳಿಗೂ ಧೈರ್ಯಾ ಸಾಲಲಿಲ್ಲ.

"ಎರಡು ನೀ ತಗದಿರ್ತಿ ಅನಕೊಂಡಿದ್ದೆ," ಅಂದ. "ಮೊದಲಿಂದನೂ."

ಮುನಾಫ ಕೆತ್ತಿದ್ದನ್ನ ಮುಚ್ಚಾಕ ಸಿಮೆಂಟು, ಉಸುಕು ಕೂಡಿಸಿದ. ಗುರುಪುತ್ರಪ್ಪ ಲಗುಬಗೆಲೇ ಒಂದು ಬಕೀಟು ನೀರು ತಂದು ಅವನ ಮುಂದ ಹಿಡದ. ಮುನಾಫ ಅದನ್ನ ಮುಟ್ಟಲಿಲ್ಲ. ತಾನ ಹಳ್ಳಕ್ಕಿಳದು ಬ್ಯಾರೇ ನೀರು ತಂದ.